ಚೌತಿಗೆ 40 ಜನರ ಊಟ, ಮುಂಬಯಿ ಹತ್ತಿರದ ಡೊಂಬಿವಲಿಯ ಫ್ಲ್ಯಾಟಿನಲ್ಲಿ: ಮಾಡಿ ಗೊತ್ತಿರುವವರು ದಾರಿ ಹೇಳಿ

ಡೊಂಬಿವಲಿ_ಸೊಸೆ

ಎಲ್ಲರಿಗೂ ನಮಸ್ಕಾರ. ಈ ವರ್ಷ ಗಣಪತಿ ನಮ್ಮ ಮನೆಗೆ ಬರುತ್ತಾನೆ. ಇಷ್ಟು ದಿನ ಬೊರಿವಲಿಯ ಭಾವನವರ ಮನೆಯಲ್ಲಿ ಕೂರಿಸುತ್ತಿದ್ದರು. ಅವರ ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗಿದೆ, ಈಗ ಬಾಡಿಗೆ ಮನೆಯಲ್ಲಿದ್ದಾರೆ. ಹಾಗಾಗಿ ಪೂಜೆ, ಊಟ ಎಲ್ಲವೂ ನಮ್ಮಲ್ಲಿ. ವಿರಾರ್‌ನಿಂದ, ವಾಶಿಯಿಂದ, ಪುಣೆಯಿಂದ ಎಲ್ಲರೂ ಬರುತ್ತಾರೆ. ಮಕ್ಕಳೂ ಸೇರಿ 40 ಜನ.

ನಮ್ಮ ಮನೆ ಎರಡು ಬೆಡ್‌ರೂಮಿನದು. ಮೂರು ಬರ್ನರ್‌ನ ಒಲೆ, 5 ಲೀಟರಿನ ಒಂದು ಕುಕ್ಕರ್, 3 ಲೀಟರಿನದು ಒಂದು, ಒಂದು ಮಿಕ್ಸಿ. ನಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ಅತ್ತೆಗೆ ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲಲು ಆಗುವುದಿಲ್ಲ. ಆದರೆ ಹಬ್ಬದ ಅಡುಗೆ ಮನೆಯಲ್ಲೇ ಆಗಬೇಕು ಎನ್ನುವುದು ಅವರ ಆಸೆ. ನನ್ನದೂ ಅದೇ ಆಸೆ.

ಗಂಡನ ಮನೆಯವರು ಕುಂದಾಪುರದ ಕಡೆಯವರು. ಪತ್ರೊಡೆ, ಕೊಟ್ಟೆ ಕಡುಬು, ಪಂಚಕಜ್ಜಾಯ ಬೇಕೇ ಬೇಕು. ನಾನು ಧಾರವಾಡದವಳು. ನಮ್ಮ ವೈನಿ, ಅಣ್ಣನೂ ಬರುತ್ತಾರೆ, ಹೋಳಿಗೆ ಇಲ್ಲದ ಹಬ್ಬ ನನಗೆ ಹಬ್ಬ ಅನ್ನಿಸುವುದಿಲ್ಲ. ಅಳತೆ ಎಷ್ಟು, ಹಿಂದಿನ ದಿನ ಏನೇನು ಮಾಡಿಡಬಹುದು, ಏನು ಬಿಡಬೇಕು? ದಯವಿಟ್ಟು ಹೇಳಿ.

ಮುಲುಂಡ್_ಅಡುಗೆಭಟ್ಟ

ತಂಗೀ, ಮೊದಲು ಅಳತೆ ಬರೆದುಕೊಳ್ಳಿ. ಎಲೆಯ ಮೇಲೆ ಹತ್ತು ಬಗೆ ಇದ್ದರೆ ಒಬ್ಬರಿಗೆ 100 ಗ್ರಾಂ ಅಕ್ಕಿ ಸಾಕು. ಚಿತ್ರಾನ್ನವೂ ಸೇರಿ 4 ಕೆಜಿ. ಸಾರು, ಹುಳಿ, ತೊವ್ವೆ ಎಲ್ಲಕ್ಕೂ ಸೇರಿ ತೊಗರಿಬೇಳೆ ಒಂದೂವರೆ ಕೆಜಿ. ಪಲ್ಯಕ್ಕೆ ತರಕಾರಿ 3 ಕೆಜಿ. ಕೋಸಂಬರಿಗೆ ಹೆಸರುಬೇಳೆ ಅರ್ಧ ಕೆಜಿ, ಸೌತೆಕಾಯಿ 2 ಕೆಜಿ. ಮೊಸರು 4 ಲೀಟರ್. ಪಾಯಸ 5 ಲೀಟರ್ ಆಗುವಷ್ಟು. ಹೋಳಿಗೆಗೆ 1 ಕೆಜಿ ಕಡ್ಲೆಬೇಳೆ, 1 ಕೆಜಿ ಬೆಲ್ಲ ಹಾಕಿದರೆ ಮಧ್ಯಮ ಗಾತ್ರದವು ಸುಮಾರು 40 ಬರುತ್ತವೆ. ತೆಂಗಿನಕಾಯಿ 12 ಇರಲಿ. ಬಾಳೆ ಎಲೆ 50, ಯಾಕೆಂದರೆ ಕೆಲವು ಹರಿದೇ ಬರುತ್ತವೆ.

ಇನ್ನು ಒಲೆ. ಎಲ್ಲರೂ ಅಳತೆ ಕೇಳುತ್ತಾರೆ, ಒಲೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅಕ್ಕಿ, ನೀರು ಸೇರಿ ಕುಕ್ಕರ್‌ನ ಅರ್ಧಕ್ಕಿಂತ ಮೇಲೆ ಬರಬಾರದು. ಅಂದರೆ ನಿಮ್ಮ 5 ಲೀಟರ್ ಕುಕ್ಕರ್‌ನಲ್ಲಿ ಒಂದು ಸಲಕ್ಕೆ ಮುಕ್ಕಾಲು ಕೆಜಿ ಅಕ್ಕಿ. 4 ಕೆಜಿಗೆ ಐದಾರು ಸಲ ಇಡಬೇಕು. ಪ್ರೆಷರ್ ಇಳಿಯುವ ಹೊತ್ತೂ ಸೇರಿದರೆ ಅನ್ನಕ್ಕೇ ಸುಮಾರು ಮೂರು ಗಂಟೆ. ಆ ಮೂರು ಗಂಟೆ ಒಂದು ಬರ್ನರ್ ಬೇರೆ ಯಾವುದಕ್ಕೂ ಸಿಗುವುದಿಲ್ಲ.

ದೊಡ್ಡ ಪಾತ್ರೆ ತಂದರೆ ಆಯಿತಲ್ಲ ಅನ್ನಿಸಬಹುದು. ಮನೆಯ ಒಲೆಯ ಮೇಲೆ 20 ಲೀಟರ್ ನೀರಿಟ್ಟರೆ ಕುದಿ ಬರಲು ಒಂದು ಗಂಟೆಗೂ ಜಾಸ್ತಿ ಬೇಕು. ಪಾತ್ರೆ ಸ್ಟ್ಯಾಂಡಿನ ಮೇಲೆ ಸರಿಯಾಗಿ ಕೂರುವುದೂ ಇಲ್ಲ. ತಳ ಹಿಡಿಯುತ್ತದೆ. ಹಾಗಾಗಿ ಅನ್ನ ನಿಮ್ಮ ಅಡುಗೆಮನೆಯಲ್ಲಿ ಬೇಡ. ಪಕ್ಕದ ಮನೆಯಲ್ಲೋ ಮೇಲಿನ ಮಹಡಿಯಲ್ಲೋ ಯಾರಾದರೂ ಒಂದು ಒಲೆ, ಒಂದು 10 ಲೀಟರ್ ಕುಕ್ಕರ್ ಕೊಡುತ್ತಾರಾ ಕೇಳಿ. ಹಬ್ಬಕ್ಕೆ ಇಲ್ಲ ಅನ್ನುವವರು ಕಡಿಮೆ.

ವಾಶಿ_ಅಳಿಯ

ಅಕ್ಕ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟೆಲ್ಲ ಯಾಕೆ? ಮಾಟುಂಗಾದಲ್ಲಿ, ಮುಲುಂಡ್‌ನಲ್ಲಿ ನಮ್ಮವರೇ ಹಬ್ಬದೂಟ ಮಾಡಿ ಕಳಿಸುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಹಾಕದೆ, ಮಡಿಯಲ್ಲೇ ಮಾಡುತ್ತಾರೆ. ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಹೆಂಗಸರು ಅಡುಗೆಮನೆಯಿಂದ ಹೊರಗೆ ಬರುವಷ್ಟರಲ್ಲಿ ಆರತಿ ಮುಗಿದಿರುತ್ತಿತ್ತು. ನನ್ನ ಅಮ್ಮ ಮಂಗಳಾರತಿ ನೋಡಿದ್ದೇ ಕಡಿಮೆ. ಅದು ನನಗೆ ಈಗಲೂ ಸಂಕಟ. ನಿಮ್ಮ ಅತ್ತೆಯೂ ದೇವರ ಮುಂದೆ ಕೂರಬೇಕಲ್ವಾ?

ಡೊಂಬಿವಲಿ_ಸೊಸೆ

ಬೇಜಾರಿಲ್ಲ ಭಾವ, ನೀವು ಹೇಳುವುದು ನಿಜ. ಆದರೆ ಅತ್ತೆಗೆ ಈ ಅಡುಗೆ ಮಾಡುವುದೇ ಪೂಜೆ. ಪೂರ್ತಿ ಹೊರಗಿನಿಂದ ತರಿಸಿದರೆ ಅವರಿಗೆ ಹಬ್ಬವೇ ಇಲ್ಲ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೈಯಲ್ಲಿ ಆಗುವ ಕೆಲಸ ಕೊಡಬೇಕು, ನಿಲ್ಲುವ ಕೆಲಸ ನಾವು ಮಾಡಬೇಕು ಅಂತ ಯೋಚಿಸಿದ್ದೇನೆ.

ಮಾಟುಂಗಾ_ಅಜ್ಜಿ

ಮಗಾ, ನಿನ್ನ ಯೋಚನೆ ಚೆನ್ನಾಗಿದೆ. ಒಂದು ಮಾತು ಕೇಳು. ದೇವರ ನೈವೇದ್ಯವನ್ನೂ 40 ಜನರ ಅಡುಗೆಯನ್ನೂ ಒಟ್ಟಿಗೆ ಕಟ್ಟಬೇಡ. ನೈವೇದ್ಯಕ್ಕೆ ಬೇಕಾದ್ದು ಒಂದು ಎಲೆಯಷ್ಟು. ಬೆಳಿಗ್ಗೆ ಸ್ನಾನ ಮಾಡಿ ಸಣ್ಣ ಪಾತ್ರೆಗಳಲ್ಲಿ ಅದನ್ನೇ ಮೊದಲು ಮಾಡು. ಒಂದು ಪಾವು ಅನ್ನ, ಒಂದು ಲೋಟ ಪಾಯಸ, ಐದು ಹೋಳಿಗೆ, 21 ಕಡುಬು, ಪಂಚಕಜ್ಜಾಯ. ಅದನ್ನು ಅತ್ತೆ ಕೂತೇ ಮಾಡಬಹುದು. ಒಂದು ಬರ್ನರ್‌ನ ಸಣ್ಣ ಒಲೆಯನ್ನು ಗಟ್ಟಿ ಮೇಜಿನ ಮೇಲಿಟ್ಟು ಎದುರಿಗೆ ಕುರ್ಚಿ ಹಾಕಿಕೊಡು. ಅವರ ಮಡಿಯೂ ಉಳಿಯುತ್ತದೆ, ಮನಸ್ಸೂ ತುಂಬುತ್ತದೆ.

ನೈವೇದ್ಯ ಬೇರೆಯಾದರೆ ಇನ್ನೊಂದು ದೊಡ್ಡ ಅನುಕೂಲ ಇದೆ. ಪಂಕ್ತಿಯ ಅಡುಗೆಯ ರುಚಿ ನೋಡಬಹುದು.

ಥಾಣೆ_ಜೋಶಿಗಲ್ಲಿ

ಅಜ್ಜಿ, ಕ್ಷಮಿಸಿ, ನಮ್ಮ ಕಡೆ ಹಾಗಿಲ್ಲ. ಎಲ್ಲ ಪಾತ್ರೆಯಿಂದಲೂ ದೇವರಿಗೆ ಬಡಿಸಿದ ಮೇಲೆಯೇ ಅದು ಪ್ರಸಾದ. ಬೇರೆ ಮಾಡಿ ಇಟ್ಟರೆ ಬಂದವರು ಊಟ ಮಾಡಿದ್ದು ಪ್ರಸಾದ ಹೇಗಾಗುತ್ತದೆ? ನಮ್ಮ ಮನೆಯಲ್ಲಿ ಯಾರೂ ರುಚಿ ನೋಡುವುದಿಲ್ಲ. ಉಪ್ಪು ಹೆಚ್ಚು ಕಡಿಮೆ ಆದರೆ ಆಮೇಲೆ ಎಲೆಗೆ ಹಾಕಿಕೊಂಡರಾಯಿತು.

ಮಾಟುಂಗಾ_ಅಜ್ಜಿ

ನಿಮ್ಮ ಮನೆಯ ಪದ್ಧತಿ ನೀವು ಬಿಡಬೇಡಿ. ನೈವೇದ್ಯ ಆದ ಮೇಲೆ ಆ ಎಲೆಯ ಅನ್ನ, ಪಾಯಸ ತೆಗೆದು ದೊಡ್ಡ ಪಾತ್ರೆಗಳಿಗೆ ಒಂದೊಂದು ಚಮಚ ಸೇರಿಸುತ್ತೇವೆ ನಾವು. ಆಗ ಎಲ್ಲವೂ ಪ್ರಸಾದವೇ. ನಮ್ಮ ಅತ್ತೆ ಹಾಗೆ ಮಾಡುತ್ತಿದ್ದರು. ಇವಳ ಅತ್ತೆಗೆ ಒಪ್ಪಿಗೆಯಾದರೆ ಮಾಡಲಿ.

ಮುಲುಂಡ್_ಅಡುಗೆಭಟ್ಟ

ರುಚಿ ನೋಡದೆ ಮಾಡುವವರಿಗೆ ನನ್ನ ಲೆಕ್ಕ ಕೊಡುತ್ತೇನೆ. ನಾವು ದೇವಸ್ಥಾನದ ಕೆಲಸದಲ್ಲೂ ರುಚಿ ನೋಡುವಂತಿಲ್ಲ, ತೂಕವೇ ಗತಿ. ಚಿತ್ರಾನ್ನಕ್ಕೆ 1 ಕೆಜಿ ಅಕ್ಕಿಗೆ 25 ಗ್ರಾಂ ಉಪ್ಪು. ಹುಳಿ, ಸಾರು 1 ಲೀಟರಿಗೆ 8ರಿಂದ 10 ಗ್ರಾಂ. ಪುಡಿ ಉಪ್ಪನ್ನೇ ಹಾಕಿ. ಕಲ್ಲುಪ್ಪು ಹಾಕುವುದಾದರೆ ಚಮಚದ ಅಳತೆ ನಂಬಬೇಡಿ, ತೂಗಿ. 500 ರೂಪಾಯಿಯ ಒಳಗೆ ಅಡುಗೆಮನೆಯ ತಕ್ಕಡಿ ಸಿಗುತ್ತದೆ.

ಇನ್ನೊಂದು ಮಾತು. ನಾಲ್ಕು ಜನರ ಹುಳಿಯನ್ನು 40 ಜನಕ್ಕೆ ಮಾಡುವಾಗ ಎಲ್ಲವನ್ನೂ ಹತ್ತು ಪಟ್ಟು ಹಾಕಬೇಡಿ. ಬೇಳೆ, ತರಕಾರಿ ಹತ್ತು ಪಟ್ಟು. ನೀರು ಅಷ್ಟು ಬೇಡ, ದೊಡ್ಡ ಪಾತ್ರೆಯಲ್ಲಿ ಆವಿಯಾಗಿ ಹೋಗುವುದು ಕಡಿಮೆ. ಮೆಣಸು, ಹುಣಸೆ, ಇಂಗು ಏಳು ಪಟ್ಟಿನಿಂದ ಶುರು ಮಾಡಿ. ಬೇಕಾದರೆ ಆಮೇಲೆ ಸೇರಿಸಬಹುದು, ತೆಗೆಯಲು ಆಗುವುದಿಲ್ಲ.

ಪುಣೆ_ಕೊಥ್ರೂಡ್

ನಾನು ಪುಣೆಯಿಂದ. ಪಾತ್ರೆ ಕೊಳ್ಳುವ ಯೋಚನೆ ಇದ್ದರೆ ಬರುವ ನೆಂಟರ ಕೈಯಲ್ಲಿ ಇಲ್ಲಿಯ ತುಳಶಿಬಾಗ್ ಮಾರುಕಟ್ಟೆಯಿಂದ ತರಿಸಿ. ಇಲ್ಲಿ ಹಿತ್ತಾಳೆ, ಸ್ಟೀಲ್ ಎಲ್ಲವೂ ಸಿಗುತ್ತದೆ. ಆದರೆ ವರ್ಷಕ್ಕೆ ಒಂದು ಸಲದ ಕೆಲಸಕ್ಕೆ ಕೊಂಡು ಫ್ಲ್ಯಾಟಿನಲ್ಲಿ ಎಲ್ಲಿ ಇಡುತ್ತೀರಿ? ಮಂಡಪ ಹಾಕುವವರ ಹತ್ತಿರ ಪಾತ್ರೆ, ಸೌಟು, ಬಕೆಟ್ ಎಲ್ಲ ಬಾಡಿಗೆಗೆ ಇರುತ್ತವೆ. ಹಬ್ಬದ ವಾರ ಕೇಳಿದರೆ ಸಿಗುವುದಿಲ್ಲ, ಈಗಲೇ ಹೇಳಿಡಿ. ತಂದ ಮೇಲೆ ಹುಣಸೆ ಹಾಕಿ ತಿಕ್ಕಿ ಬಿಸಿನೀರಲ್ಲಿ ತೊಳೆಯಿರಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆ ಕೊಟ್ಟರೆ ವಾಪಸ್ ಕೊಡಿ, ಹುಳಿ ಪದಾರ್ಥ ಅದರಲ್ಲಿ ಮಾಡಲೇಬಾರದು.

ಅಕ್ಕಿಯ ಬಗ್ಗೆ ಒಂದು ಮಾತು. ಇಂದ್ರಾಯಣಿ ಅಕ್ಕಿ ಘಮಘಮ ಅನ್ನುತ್ತದೆ, ತೊವ್ವೆ ತುಪ್ಪಕ್ಕೆ ಚೆನ್ನ. ಚಿತ್ರಾನ್ನಕ್ಕೆ ಬೇಡ, ಅಂಟಿಕೊಂಡು ಮುದ್ದೆಯಾಗುತ್ತದೆ. ಚಿತ್ರಾನ್ನಕ್ಕೆ ಸೋನಾಮಸೂರಿಯೇ ಇರಲಿ. ಕಡುಬಿನ ಹಿಟ್ಟಿಗೆ ಇಲ್ಲಿಯವರು ಅಂಬೆಮೋಹರ್ ಅಕ್ಕಿ ಬಳಸುತ್ತಾರೆ. ಕಣಕ ಬಿರಿಯುವುದಿಲ್ಲ.

ಥಾಣೆ_ಟೀಚರ್

ಹಿಂದಿನ ದಿನ ಏನು ಮಾಡಿಡಬಹುದು ಎಂದು ಕೇಳಿದ್ದಕ್ಕೆ ಉತ್ತರ. ನಾನು ಗೃಹವಿಜ್ಞಾನ ಕಲಿಸುತ್ತೇನೆ, ಇದರಲ್ಲಿ ಸ್ವಲ್ಪ ಕಟ್ಟುನಿಟ್ಟು.

ಅನ್ನ ಹಿಂದಿನ ದಿನ ಬೇಡವೇ ಬೇಡ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುತ್ತವೆ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಹೊರಗೆ ಬೆಚ್ಚಗೆ ಬಿದ್ದಿದ್ದರೆ ಬೆಳೆದು ವಿಷ ಬಿಡುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಚಿತ್ರಾನ್ನದ ಗೊಜ್ಜು ಹಿಂದಿನ ದಿನ ಮಾಡಿ, ಅನ್ನ ಅವತ್ತೇ ಮಾಡಿ ಕಲಸಿ.

5 ಡಿಗ್ರಿಯಿಂದ 60 ಡಿಗ್ರಿಯ ನಡುವೆ ಯಾವ ಅಡುಗೆಯನ್ನೂ ಎರಡು ಗಂಟೆಗಿಂತ ಜಾಸ್ತಿ ಇಡಬಾರದು. ಚೌತಿಯ ಹೊತ್ತಿಗೆ ಮುಂಬಯಿ ಹವೆ ಹೇಗಿರುತ್ತದೆ ನಿಮಗೇ ಗೊತ್ತು. ಕಾಯಿ ರುಬ್ಬಿ ಹಾಕಿದ ಹುಳಿ ಬೆಳಿಗ್ಗೆ ಮಾಡಿ ಹಾಗೇ ಬಿಟ್ಟರೆ ಮಧ್ಯಾಹ್ನಕ್ಕೆ ಹಳಸುತ್ತದೆ. ಬೇಳೆ, ತರಕಾರಿ ಬೇಯಿಸಿ ಬಿಸಿಯಾಗಿಯೇ ಇಡಿ. ರುಬ್ಬಿದ ಕಾಯಿ ಫ್ರಿಜ್‌ನಲ್ಲಿರಲಿ. ಬಡಿಸುವ ಅರ್ಧ ಗಂಟೆ ಮೊದಲು ಸೇರಿಸಿ ಚೆನ್ನಾಗಿ ಕುದಿಸಿ.

ಹಿಂದಿನ ದಿನ ನಿಶ್ಚಿಂತೆಯಿಂದ ಮಾಡಬಹುದಾದ್ದು: ಹೂರಣ ರುಬ್ಬಿ ಆರಿಸಿ ಫ್ರಿಜ್‌ನಲ್ಲಿ. ಪಂಚಕಜ್ಜಾಯದ ಪುಡಿ, ಒಣಕೊಬ್ಬರಿ ಹಾಕಿ. ಕಾಯಿ ತುರಿದು ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿ. ಬೀನ್ಸ್, ಕ್ಯಾಬೇಜ್ ಹೆಚ್ಚಿ ಬಟ್ಟೆಯಲ್ಲಿ ಸುತ್ತಿ. ಬದನೆ ಮಾತ್ರ ಅವತ್ತೇ ಹೆಚ್ಚಬೇಕು. ಪತ್ರೊಡೆ ಸುರುಳಿ ಸುತ್ತಿ ಬೇಯಿಸಿ ಫ್ರಿಜ್‌ನಲ್ಲಿಟ್ಟರೆ ಮರುದಿನ ಕತ್ತರಿಸಿ ಕಾವಲಿಯಲ್ಲಿ ಕಾಯಿಸುವುದಷ್ಟೇ. ನಿಜ ಹೇಳಬೇಕೆಂದರೆ ಮರುದಿನದ ಪತ್ರೊಡೆಗೇ ರುಚಿ ಜಾಸ್ತಿ.

ಒಂದೇ ಫ್ರಿಜ್‌ನಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ. ಬಿಸಿ ಬಿಸಿ ಹೂರಣದ ದೊಡ್ಡ ಪಾತ್ರೆ ಒಳಗಿಟ್ಟರೆ ಅಲ್ಲಿರುವ ಹಾಲು ಮೊಸರೂ ಬಿಸಿಯಾಗುತ್ತವೆ. ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಆಮೇಲೆ ಇಡಿ.

ಬೊರಿವಲಿ_ಓರಗಿತ್ತಿ

ಪತ್ರೊಡೆ ಎಲೆಯ ವಿಷಯ ನಾನು ಹೇಳುತ್ತೇನೆ. ದಾದರ್ ಸ್ಟೇಷನ್ ಹೊರಗೆ, ಮಾಟುಂಗಾ ಮಾರ್ಕೆಟ್‌ನಲ್ಲಿ ಕೆಸುವಿನ ಎಲೆ ಸಿಗುತ್ತದೆ. ಮರಾಠಿಯಲ್ಲಿ ಕೆಸುವಿಗೆ ಆಳೂ, ಪತ್ರೊಡೆಯಂಥದ್ದಕ್ಕೆ ವಡಿ ಎನ್ನುತ್ತಾರೆ, ಹಾಗಾಗಿ ಮಾರುವವರ ಹತ್ತಿರ ವಡಿಗೆ ಬೇಕಾದ ಆಳೂ ಎಂದೇ ಕೇಳಿ. ಅದರ ದಂಟು ಕಪ್ಪಾಗಿರುತ್ತದೆ. ಹಸಿರು ದಂಟಿನದು ಪಲ್ಯದ್ದು. ಹುಣಸೆ ಧಾರಾಳ ಹಾಕಿ, ಮುಕ್ಕಾಲು ಗಂಟೆ ಬೇಯಿಸಿ. ಅರೆಬೆಂದರೆ ಗಂಟಲು ಕೆರೆಯುತ್ತದೆ, ಮಕ್ಕಳು ಮತ್ತೆ ಮುಟ್ಟುವುದಿಲ್ಲ.

ಕೊಟ್ಟೆ ಕಡುಬನ್ನು ಈ ಸಲ ಬಿಟ್ಟುಬಿಡಿ. 40 ಕೊಟ್ಟೆ ಹಬೆಯಲ್ಲಿ ಬೇಯಿಸಲು ಒಂದು ಬರ್ನರ್ ಬೆಳಿಗ್ಗೆಯಿಡೀ ಬೇಕು. ಅನ್ನ, ಚಿತ್ರಾನ್ನ ಇರುವಾಗ ಅದನ್ನು ತಿನ್ನಲು ಹೊಟ್ಟೆಯಲ್ಲಿ ಜಾಗವೂ ಇರುವುದಿಲ್ಲ. ಹಿಂದಿನ ರಾತ್ರಿಯೇ ಬಂದು ಉಳಿಯುವವರಿಗೆ ಬೆಳಗಿನ ತಿಂಡಿಗೆ ಸ್ವಲ್ಪ ಮಾಡಿದರೆ ಅತ್ತೆಯ ಆಸೆಯೂ ತೀರುತ್ತದೆ.

ಮಡಗಾಂವ್_ಕನ್ನಡಿಗ

ಗೋವಾದಿಂದ ಒಂದು ಸಲಹೆ. ಇಲ್ಲಿ ಚೌತಿಗೆ ಖತಖತೆ ಮಾಡುತ್ತಾರೆ. ಸುವರ್ಣಗೆಡ್ಡೆ, ಸಿಹಿಗೆಣಸು, ಕುಂಬಳ, ನುಗ್ಗೆ, ಮೂಲಂಗಿ, ಬೀನ್ಸ್, ಜೋಳದ ತೆನೆ, ಸಿಕ್ಕಿದ್ದೆಲ್ಲ ಸೇರಿಸಿ ತೊಗರಿಬೇಳೆಯ ಜೊತೆ ಬೇಯಿಸಿ, ರುಬ್ಬಿದ ಕಾಯಿ, ತಿರ್ಫಳ, ಬೆಲ್ಲ, ಕೋಕಂ ಹಾಕುತ್ತಾರೆ. ತಿರ್ಫಳ ಎಂದರೆ ನಮ್ಮ ಜುಮ್ಮನಕಾಯಿ. ಬೀಜ ತೆಗೆದು ಸಿಪ್ಪೆ ಮಾತ್ರ ಹಾಕಬೇಕು. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ಒಗ್ಗರಣೆಯೂ ಬೇಡ. ಒಂದೇ ಪಾತ್ರೆಯಲ್ಲಿ ಹುಳಿ, ಪಲ್ಯ ಎರಡರ ಕೆಲಸವೂ ಆಗುತ್ತದೆ. ಒಂದು ಬರ್ನರ್ ಉಳಿಯಿತು.

ಡೊಂಬಿವಲಿ_ಸೊಸೆ

ಅಣ್ಣಾ, ಇದು ನನಗೆ ತುಂಬಾ ಹಿಡಿಸಿತು. ಅತ್ತೆಗೆ ಓದಿ ಹೇಳಿದೆ. ಪಲ್ಯ ಬಿಟ್ಟು ಖತಖತೆ ಮಾಡಲು ಒಪ್ಪಿದರು. ನೈವೇದ್ಯ ಬೇರೆ ಮಾಡುವುದಕ್ಕೂ ಒಪ್ಪಿದ್ದಾರೆ. ಆದರೆ ಅನ್ನ, ಪಾಯಸ ಅಷ್ಟೇ ಅಲ್ಲ, ಪ್ರತಿಯೊಂದು ಪದಾರ್ಥವೂ ನೈವೇದ್ಯದ ಎಲೆಯಲ್ಲಿ ಇರಲೇಬೇಕಂತೆ.

ಎರಡು ಅನುಮಾನ. ಒಂದು, ಬಾಲ್ಕನಿಯಲ್ಲಿ ಬಾಡಿಗೆಯ ದೊಡ್ಡ ಬರ್ನರ್ ಇಟ್ಟುಕೊಳ್ಳೋಣ ಎಂದು ನಮ್ಮವರು ಹೇಳುತ್ತಿದ್ದಾರೆ. ಬಾಲ್ಕನಿಗೆ ಗಾಜು ಹಾಕಿ ಮುಚ್ಚಿದೆ. ಇನ್ನೊಂದು, ಬೆಲ್ಲದ ಪಾಯಸಕ್ಕೆ ಹಾಲು ಹಾಕಿದರೆ ಒಡೆಯುತ್ತದೆ ಎಂಬ ಭಯ.

ಮುಲುಂಡ್_ಅಡುಗೆಭಟ್ಟ

ಬಾಲ್ಕನಿಯಲ್ಲಿ ಬರ್ನರ್ ಬೇಡ. ಖಂಡಿತ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿ ನಿಲ್ಲುತ್ತದೆ. ಮುಚ್ಚಿದ ಜಾಗ, ರೇಷ್ಮೆ ಸೀರೆ, ಓಡಾಡುವ ಮಕ್ಕಳು, ಪಕ್ಕದಲ್ಲೇ ದೇವರ ದೀಪ. ನಾನು ಇದೇ ಕೆಲಸದಲ್ಲಿರುವವನು, ನನ್ನ ಮನೆಯಲ್ಲೂ ಹಾಗೆ ಇಡುವುದಿಲ್ಲ. ಅಜ್ಜಿ ಹೇಳಿದ ಸಣ್ಣ ಒಲೆಯೂ ಕಿಟಕಿ ತೆರೆದ ಕಡೆಯೇ ಇರಲಿ, ದೇವರ ಕೋಣೆಯ ಹತ್ತಿರ ಬೇಡ. ಇಂಡಕ್ಷನ್ ಒಲೆ ಇದ್ದರೆ ಅತ್ತೆಗೆ ಅದೇ ಒಳ್ಳೆಯದು. ಮನೆಯ ಸಿಲಿಂಡರ್ 14.2 ಕೆಜಿಯದು. ಹಬ್ಬದ ಹಿಂದಿನ ವಾರವೇ ಇನ್ನೊಂದು ತುಂಬಿದ್ದು ತರಿಸಿಡಿ.

ಪಾಯಸಕ್ಕೆ ಬೆಲ್ಲ ಕರಗಿಸಿ ಸೋಸಿ ಬೇಳೆಯ ಜೊತೆ ಕುದಿಸಿ. ಒಲೆ ಆರಿಸಿ ಕುದಿ ಇಳಿದ ಮೇಲೆ ಹಾಲು ಸೇರಿಸಿ. ಮತ್ತೆ ಕುದಿಸಬೇಡಿ. ಹಸುವಿನ ಹಾಲಿನ ಬದಲು ತೆಂಗಿನ ಹಾಲು ಹಾಕಿದರೆ ನಿಮ್ಮ ಗಂಡನ ಮನೆಯವರಿಗೆ ಇನ್ನೂ ಇಷ್ಟವಾಗುತ್ತದೆ. ಅದನ್ನೂ ಕೊನೆಯಲ್ಲೇ ಹಾಕಿ.

ವಾಶಿ_ಅಳಿಯ

ಅಕ್ಕ, ಹೊರಗಿನಿಂದ ತರಿಸಿ ಎಂದದ್ದು ನಾನೇ. ಪೂರ್ತಿ ಅಲ್ಲದಿದ್ದರೂ ಕೆಲವನ್ನು ತರಿಸಿ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಮೊಸರು ಎಲ್ಲ ಅಂಗಡಿಯದೇ ಆಗಲಿ. ಬರುವವರ ಮನೆಯಲ್ಲೂ ಒಲೆ ಇದೆ ಅಲ್ವಾ? ನಮ್ಮ ಮನೆಯಿಂದ 40 ಹೋಳಿಗೆ ನಾವೇ ಮಾಡಿ ತರುತ್ತೇವೆ. ನಾನೂ ತಟ್ಟುತ್ತೇನೆ, ಹೆಂಡತಿ ಒಬ್ಬಳೇ ಅಲ್ಲ. ವಿರಾರ್‌ನವರು ಚಿತ್ರಾನ್ನದ ಗೊಜ್ಜು ತರಲಿ. ಲೋಕಲ್ ರೈಲಿನಲ್ಲಿ ಹುಳಿ, ಸಾರು ಹೊತ್ತು ತರುವುದು ಕಷ್ಟ, ಚೆಲ್ಲುತ್ತದೆ. ಒಣ ಪದಾರ್ಥವಾದರೆ ಸುಲಭ. ಬಡಿಸುವುದು ಗಂಡಸರ ಕೆಲಸ, ಎಲೆ ತೆಗೆಯುವುದೂ ಅವರದೇ. ಇದನ್ನು ಮೊದಲೇ ಎಲ್ಲರಿಗೂ ಹೇಳಿಬಿಡಿ.

ಥಾಣೆ_ಜೋಶಿಗಲ್ಲಿ

ಇದು ಒಳ್ಳೆಯದು. ಮೊದಲ ಪಂಕ್ತಿಯಲ್ಲಿ ಮಕ್ಕಳು, ವಯಸ್ಸಾದವರು, ಅವರ ಜೊತೆ ಬೆಳಿಗ್ಗೆಯಿಂದ ಅಡುಗೆ ಮಾಡಿದ ಹೆಂಗಸರು ಕೂರಲಿ. ನಮ್ಮ ಮನೆಯಲ್ಲಿ ಹೀಗೆ ಮಾಡಲು ಶುರು ಮಾಡಿದ ಮೇಲೆ ಹೆಂಗಸರು ಬಿಸಿ ಅನ್ನ ಉಂಡರು.

ಡೊಂಬಿವಲಿ_ಸೊಸೆ

ಭಾವ, ಹೋಳಿಗೆ ನಿಮ್ಮದೇ, ಬರೆದುಕೊಂಡೆ! ಮೂರನೇ ಮಹಡಿಯ ಮರಾಠಿ ಮಾವುಶಿ ಅನ್ನಕ್ಕೆ ತಮ್ಮ ಒಲೆ, ದೊಡ್ಡ ಕುಕ್ಕರ್ ಎರಡೂ ಕೊಡುತ್ತೇನೆ ಎಂದರು. ಅವರ ಮನೆಯಲ್ಲಿ ಗಣಪತಿ ಇಲ್ಲ, ಊರಿಗೂ ಹೋಗುತ್ತಿಲ್ಲ. ಅವರನ್ನೂ ಊಟಕ್ಕೆ ಕರೆದಿದ್ದೇನೆ.

ಪುರೋಹಿತರು 10 ಗಂಟೆಗೆ ಬರುತ್ತೇವೆ ಎಂದಿದ್ದಾರೆ. ಅವರಿಗೂ ಅವತ್ತು ಹತ್ತಾರು ಮನೆ, ತಡವಾಗಬಹುದು. ಭಟ್ಟರೇ, ಬೆಳಗಿನ ಹೊತ್ತಿನ ಲೆಕ್ಕ ಒಂದು ಹಾಕಿಕೊಡುತ್ತೀರಾ?

ಮುಲುಂಡ್_ಅಡುಗೆಭಟ್ಟ

ನೀರು ಬರುವ ಹೊತ್ತಿನಿಂದಲೇ ಶುರು. ಹಿಂದಿನ ದಿನ ಬೆಳಿಗ್ಗೆ ನೀರು ಬಂದಾಗಲೇ ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಡಿ. ಕೈ ತೊಳೆಯಲು, ಪಾತ್ರೆ ತೊಳೆಯಲು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಕಾಗುತ್ತದೆ.

5 ಗಂಟೆಗೆ ಸ್ನಾನ. 5:30ಕ್ಕೆ ಎರಡೂ ಕುಕ್ಕರ್‌ನಲ್ಲಿ ಬೇಳೆ, ಎರಡು ಸಲ ಇಟ್ಟರೆ ಮುಗಿಯಿತು. ಮೂರನೇ ಬರ್ನರ್‌ನಲ್ಲಿ ಪಾಯಸದ ಬೇಳೆ. ಅಷ್ಟು ಹೊತ್ತು ಅತ್ತೆ ನೈವೇದ್ಯದ ಕಡುಬು ಮಾಡಲಿ. 7:30ಕ್ಕೆ ಖತಖತೆಯ ಗೆಡ್ಡೆಗಳು. 9ಕ್ಕೆ ಸಾರು ಕುದಿಸಿ, ದಪ್ಪ ಬಟ್ಟೆ ಸುತ್ತಿ ಮೂಲೆಯಲ್ಲಿಡಿ. ತೊವ್ವೆಗೂ ಅದೇ ಬೇಳೆ, ಉಪ್ಪು ಅರಿಶಿನ ಸಾಕು. ನೈವೇದ್ಯದ ಎಲೆಗೆ ಒಂದೊಂದು ಸೌಟು ಮೊದಲೇ ತೆಗೆದಿಡಿ. 10ರ ಹೊತ್ತಿಗೆ ಒಲೆಯ ಮುಂದೆ ಒಬ್ಬರು ಸಾಕು, ಉಳಿದವರು ಪೂಜೆಗೆ ಹೋಗಿ.

ಅನ್ನದ ಮೊದಲ ಕುಕ್ಕರ್ ಗಡಿಯಾರ ನೋಡಿ ಇಡಬೇಡಿ. ಪುರೋಹಿತರು ಪ್ರಾಣಪ್ರತಿಷ್ಠೆ ಶುರು ಮಾಡಿದಾಗ ಮಾವುಶಿಗೆ ಫೋನ್ ಮಾಡಿ, ಆಗ ಇಡಲಿ. ಪೂಜೆ ತಡವಾದರೆ ಅನ್ನವೂ ತಡವಾಗುತ್ತದೆ, ಆರಿ ತಣ್ಣಗಾಗುವುದಿಲ್ಲ. ಮಂಗಳಾರತಿ ಆದ ಮೇಲೆ ಸಾರಿಗೆ ಒಗ್ಗರಣೆ, ಖತಖತೆಗೆ ಕಾಯಿ, ಕಾವಲಿಯಲ್ಲಿ ಪತ್ರೊಡೆ. ಕೋಸಂಬರಿಗೆ ಉಪ್ಪು ಎಲೆ ಹಾಕಿದ ಮೇಲೆ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ. ಹಪ್ಪಳ ಮೊದಲ ಪಂಕ್ತಿ ಕೂತ ಮೇಲೆ ಕರಿಯಿರಿ.

ಬೊರಿವಲಿ_ಓರಗಿತ್ತಿ

ಬಾಳೆ ಎಲೆ ನಾನು ತರುತ್ತೇನೆ, ಮಾಟುಂಗಾದಲ್ಲಿ ಹಿಂದಿನ ದಿನ ಬೆಳಿಗ್ಗೆ ಬೇಗ ಹೋದರೆ ಒಳ್ಳೆಯ ಎಲೆ ಸಿಗುತ್ತದೆ. ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆಲದ ಮೇಲೆ ಮಲಗಿಸಿಡು. ಮಡಚಬೇಡ, ಮಡಚಿದ ಕಡೆಯೇ ಸೀಳುತ್ತದೆ. ಅತ್ತೆಗೆ ಒಂದು ಎತ್ತರದ ಕುರ್ಚಿ ನಮ್ಮ ಮನೆಯಲ್ಲಿದೆ, ಅದನ್ನೂ ಕಳಿಸಲಾ?

ಡೊಂಬಿವಲಿ_ಸೊಸೆ

ಕಳಿಸಿ ಅಕ್ಕ. ಜೊತೆಗೆ ನಿಮ್ಮ 3 ಲೀಟರ್ ಕುಕ್ಕರ್ ಕೂಡ.